ಬುದ್ಧಿಯ ಮೇಲೆ ಬೀಳುವ ಎರಡು ತೆರೆಗಳು

(ಹನೂರು ತಾಲೂಕಿನ ಕೌದಳ್ಳಿಯಲ್ಲಿ ಹೆತ್ತವರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಭೆ ಆರಂಭವಾಗುವ ಮುನ್ನ ಹಿರಿಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದರು. ‘ಹಜ್ರತ್, ಮದ್ಯ ಹರಾಮ್ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿದೆ. ನಮ್ಮ ಹೆಣ್ಣು ಮಕ್ಕಳಂತೂ ಅದರ ವಾಸನೆಯನ್ನೂ ಕಂಡವರಲ್ಲ. ಅವರ ಎದುರು ಈ ಮಾತುಗಳೆಲ್ಲ ಯಾಕೆ ಬೇಕು?’ ಎಂದರು. ಅವರ ಕಳಕಳಿಯಲ್ಲಿ ಪ್ರಾಮಾಣಿಕತೆ ಇತ್ತು. ಆದ್ದರಿಂದ ಅದನ್ನು ಬದಿಗೆ ಸರಿಸದೆ, ಆ ಪ್ರಶ್ನೆಯಿಂದಲೇ ನಮ್ಮ ಮಾತನ್ನು ಆರಂಭಿಸಲು ಬಯಸುತ್ತೇವೆ.

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿರುವ ಊರು ಇದು. ಇಂದು ಈ ಭಾಗದ ಹೆಣ್ಣು ಮಕ್ಕಳು ಪದವಿಗಾಗಿ ಕೊಳ್ಳೇಗಾಲಕ್ಕೆ ಹೋಗುತ್ತಾರೆ, ನರ್ಸಿಂಗ್ ಕಲಿಯಲು ಮೈಸೂರಿಗೆ ಹೋಗುತ್ತಾರೆ, ದುಡಿಮೆಗಾಗಿ ಬೆಂಗಳೂರಿಗೆ ಹೋಗುತ್ತಾರೆ. ಇದು ಸಂತೋಷಪಡಬೇಕಾದ ಬೆಳವಣಿಗೆ. ಮಗಳ ಕೈಯಲ್ಲಿ ಪದವಿಯ ಪ್ರಮಾಣಪತ್ರ ನೋಡಿ ಕಣ್ಣೀರು ಸುರಿಸಿದ ತಂದೆಯರು ಈ ಸಭೆಯಲ್ಲೂ ಇರಬಹುದು. ಆದರೆ ಬಸ್ಸು ಹತ್ತುವ ಮಗಳ ಚೀಲಕ್ಕೆ ನಾವು ಉಪ್ಪಿನಕಾಯಿ ತುಂಬುತ್ತೇವೆ, ರೊಟ್ಟಿ ಕಟ್ಟಿಕೊಡುತ್ತೇವೆ, ‘ನಮಾಝ್ ಬಿಡಬೇಡ ಬೇಟಿ’ ಎಂದು ಹೇಳಿ ಕಳುಹಿಸುತ್ತೇವೆ. ಅವಳು ಹೋಗುವ ನಗರದಲ್ಲಿ ಮದ್ಯವು ಹುಟ್ಟುಹಬ್ಬದ ಕೇಕಿನ ಪಕ್ಕದಲ್ಲಿ, ಕಚೇರಿಯ ಔತಣದಲ್ಲಿ, ಗೆಳತಿಯ ಬಾಡಿಗೆ ಕೋಣೆಯಲ್ಲಿ ಬಹಳ ಸಭ್ಯವಾದ ವೇಷದಲ್ಲಿ ಎದುರಾಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ಅವಳ ದೇಹಕ್ಕೆ, ಅದಕ್ಕಿಂತ ಹೆಚ್ಚಾಗಿ ಅವಳ ವಿವೇಚನೆಗೆ ಏನು ಮಾಡುತ್ತದೆ ಎಂಬುದನ್ನಂತೂ ಹೇಳುವುದೇ ಇಲ್ಲ. ಹರಾಮ್ ಎಂಬ ಒಂದು ಪದ ಹೇಳಿ ನಮ್ಮ ಹೊಣೆ ಮುಗಿಯಿತೆಂದು ಭಾವಿಸುತ್ತೇವೆ.

ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಮದ್ಯ ಸೇವಿಸುವವರು ಶೇ. 1.3 ಮಾತ್ರ. ಪುರುಷರಲ್ಲಿ ಈ ಪ್ರಮಾಣ ಶೇ. 18.8. ಅಂದರೆ ಇದು ಮುಖ್ಯವಾಗಿ ಗಂಡಸರ ಕಾಯಿಲೆ. ಆದರೆ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ವಿವೇಕ್ ಬೆನೆಗಲ್ ಮತ್ತು ಅವರ ಸಹೋದ್ಯೋಗಿಗಳು ಕರ್ನಾಟಕದ ಮಹಿಳೆಯರ ಬಗ್ಗೆ ನಡೆಸಿದ ಅಧ್ಯಯನವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 2005ರಲ್ಲಿ ಪ್ರಕಟಿಸಿತು. ಕುಡಿಯುವ ಮಹಿಳೆಯರ ಸಂಖ್ಯೆ ಕಡಿಮೆಯಾದರೂ, ಕುಡಿಯುವವರು ಪುರುಷರಂತೆಯೇ ಹೆಚ್ಚು ಪ್ರಮಾಣದಲ್ಲಿ ಕುಡಿಯುತ್ತಾರೆ ಎಂಬುದು ಅದರಲ್ಲಿ ಕಂಡುಬಂದ ಸಂಗತಿ. ಸಂಖ್ಯೆ ಚಿಕ್ಕದು ಎಂದು ಕಣ್ಣು ಮುಚ್ಚಿ ಕುಳಿತರೆ ಆ ಕೆಲವರನ್ನು ನಾವು ಕೈಬಿಟ್ಟಂತೆ.

ಇನ್ನೊಂದು ಮಾತು. ಯುವತಿಯೊಬ್ಬಳನ್ನು ಮದ್ಯ ತಲುಪುವುದು ಒಂದೇ ದಾರಿಯಿಂದಲ್ಲ. ಅವಳೇ ಕುಡಿಯುವುದು ಒಂದು ದಾರಿ. ಅವಳಿಗೆ ತಿಳಿಯದಂತೆ ಹಣ್ಣಿನ ರಸದಲ್ಲೋ ತಂಪು ಪಾನೀಯದಲ್ಲೋ ಬೆರೆಸಿ ಕುಡಿಸುವುದು ಎರಡನೆಯ ದಾರಿ. ಅವಳ ಗಂಡನೋ ಅವಳನ್ನು ಮದುವೆಯಾಗಲಿರುವವನೋ ಕುಡಿಯುವುದು ಮೂರನೆಯ ದಾರಿ. ಮೂರು ದಾರಿಗಳೂ ಕೊನೆಗೆ ಬಂದು ಸೇರುವುದು ಅವಳ ಆರೋಗ್ಯದ ಬಳಿಗೆ. ಆದುದರಿಂದ ‘ನಮ್ಮ ಮಗಳು ಕುಡಿಯುವುದಿಲ್ಲ’ ಎಂಬ ಉತ್ತರ ಸಾಲದು.

ಸಹೋದರರೇ, ಮದ್ಯ ಮನುಷ್ಯನ ವಿವೇಚನೆಗೆ ನಿಜವಾಗಿ ಏನು ಮಾಡುತ್ತದೆ? ಕುಡಿದವನಿಗೆ ಏನೂ ತಿಳಿಯುವುದಿಲ್ಲ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ಪೂರ್ಣ ನಿಜವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ 1990ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದರು. ಅದನ್ನು ಸರಳವಾಗಿ ಹೇಳುವುದಾದರೆ, ಮದ್ಯವು ಬುದ್ಧಿಗೆ ಸಮೀಪದೃಷ್ಟಿಯ ದೋಷವನ್ನು ಉಂಟುಮಾಡುತ್ತದೆ. ಸಮೀಪದೃಷ್ಟಿ ಇರುವವನಿಗೆ ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಹಾಗೆಯೇ ಅಮಲಿನಲ್ಲಿರುವ ಮನಸ್ಸಿಗೆ ಎದುರಿನ ನಗು, ಸಿಹಿ ಮಾತು, ಆ ಕ್ಷಣದ ಸಂತೋಷ ದೊಡ್ಡದಾಗಿ ಕಾಣುತ್ತವೆ. ನಾಳೆಯ ರೋಗ, ಮುಂದಿನ ತಿಂಗಳ ಆತಂಕ, ಮುಂದಿನ ವರ್ಷಗಳ ಬದುಕು ಮಸುಕಾಗುತ್ತವೆ. ತಿಳಿವಳಿಕೆ ಅಳಿಸಿಹೋಗುವುದಿಲ್ಲ, ಬೇಕಾದ ಹೊತ್ತಿಗೆ ಅದು ಮುಂದೆ ಬರುವುದಿಲ್ಲ.

ಈ ಸಂಗತಿಯನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಜಾರ್ಜ್, ಜೀನೆಟ್ ನಾರಿಸ್ ಮೊದಲಾದ ಸಂಶೋಧಕರು ಯುವತಿಯರ ಬಗ್ಗೆಯೇ ಇಂತಹ ಅಧ್ಯಯನಗಳನ್ನು ಅನೇಕ ವರ್ಷ ನಡೆಸಿದರು. ಕೆಲವರಿಗೆ ಅಳತೆ ಮಾಡಿದ ಮದ್ಯ, ಇನ್ನು ಕೆಲವರಿಗೆ ಮದ್ಯವಿಲ್ಲದ ಪಾನೀಯ ಕೊಟ್ಟು, ಪುರುಷನೊಬ್ಬನ ಭೇಟಿಯ ಕಥೆಯನ್ನು ಓದಿಸಿ, ‘ಈ ಸ್ಥಿತಿಯಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುವುದು ಅವರ ಕ್ರಮ. ಮದ್ಯ ಸೇವಿಸಿದವರ ಉತ್ತರಗಳಲ್ಲಿ ‘ಈತ ನನ್ನನ್ನು ನಿಜವಾಗಿ ಇಷ್ಟಪಡುತ್ತಾನೆ’ ಎಂಬ ಆಸೆಯ ತೂಕ ಹೆಚ್ಚಿತ್ತು. ರೋಗದ ಭಯದ ತೂಕ ಕಡಿಮೆಯಾಗಿತ್ತು. ‘ಬೇಡ’ ಎಂದು ಗಟ್ಟಿಯಾಗಿ ಹೇಳುವ ಶಕ್ತಿಯೂ ಕುಗ್ಗುತ್ತಿತ್ತು. 2012ರಲ್ಲಿ ಯುರ್ಗೆನ್ ರೇಮ್ ಮತ್ತು ಸಂಗಡಿಗರು ಇಂತಹ ಹನ್ನೆರಡು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 10 ಮಿಲಿಗ್ರಾಂ ಏರಿದಂತೆಲ್ಲ, ರಕ್ಷಣೆಯಿಲ್ಲದ ಸಂಪರ್ಕಕ್ಕೆ ಒಪ್ಪುವ ಸಾಧ್ಯತೆ ಸುಮಾರು ಶೇ. 5ರಂತೆ ಏರುತ್ತದೆ ಎಂದು ಕಂಡುಬಂತು. ನಮ್ಮ ದೇಶದಲ್ಲಿ ವಾಹನ ಓಡಿಸುವವನ ರಕ್ತದಲ್ಲಿ ಕಾನೂನು ಸಹಿಸುವ ಮಿತಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ. ಅಂದರೆ ಆ ಮಿತಿಯ ಮೂರನೇ ಒಂದು ಪಾಲಿನಲ್ಲೇ ವಿವೇಚನೆಯ ತಕ್ಕಡಿ ವಾಲಲು ಆರಂಭಿಸುತ್ತದೆ. ‘ಸ್ವಲ್ಪ ಕುಡಿದರೆ ಏನಾಗುತ್ತದೆ’ ಎನ್ನುವವರಿಗೆ ಇದೇ ಉತ್ತರ.

ಹೆಣ್ಣಿನ ದೇಹದ ವಿಷಯದಲ್ಲಿ ಇನ್ನೊಂದು ಸತ್ಯವಿದೆ. ಒಂದೇ ತೂಕದ ಗಂಡು ಮತ್ತು ಹೆಣ್ಣು ಒಂದೇ ಪ್ರಮಾಣ ಕುಡಿದರೂ ಹೆಣ್ಣಿನ ರಕ್ತದಲ್ಲಿ ಮದ್ಯಸಾರ ಹೆಚ್ಚು ಸೇರುತ್ತದೆ. ಅವಳ ದೇಹದಲ್ಲಿ ನೀರಿನ ಅಂಶ ಕಡಿಮೆ. ಜಠರದಲ್ಲೇ ಮದ್ಯಸಾರವನ್ನು ಒಡೆಯುವ ಕಿಣ್ವದ ಕೆಲಸವೂ ಅವಳಲ್ಲಿ ಕಡಿಮೆ ಎಂದು 1990ರಲ್ಲಿ ಇಟಲಿ ಮತ್ತು ಅಮೆರಿಕದ ವೈದ್ಯರು ತೋರಿಸಿಕೊಟ್ಟರು. ‘ಅವನಷ್ಟೇ ನಾನೂ ಕುಡಿದೆ, ಅವನಿಗೆ ಏನೂ ಆಗಲಿಲ್ಲ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದು ಹೆಣ್ಣಿನ ದೌರ್ಬಲ್ಯದ ಮಾತಲ್ಲ, ದೇಹದ ರಚನೆಯ ಮಾತು.

ಈಗ ನಾವು ಮದ್ರಸದಲ್ಲಿ ಕಲಿತ ಪಾಠವೊಂದನ್ನು ಇಲ್ಲಿ ನೆನಪಿಸಬೇಕು. ಮದ್ಯಕ್ಕೆ ಅರಬಿಯಲ್ಲಿ ‘ಖಮ್ರ್’ ಎನ್ನುತ್ತಾರೆ. ನಮ್ಮ ಸಹೋದರಿಯರು ತಲೆಯ ಮೇಲೆ ಹೊದೆಯುವ ವಸ್ತ್ರಕ್ಕೆ ‘ಖಿಮಾರ್’ ಎನ್ನುತ್ತಾರೆ. ಎರಡೂ ಒಂದೇ ಮೂಲಧಾತುವಿನಿಂದ ಬಂದ ಪದಗಳು. ಮುಚ್ಚುವುದು ಎಂಬುದು ಆ ಧಾತುವಿನ ಅರ್ಥ. ಖಿಮಾರ್ ತಲೆಯನ್ನು ಮುಚ್ಚುತ್ತದೆ, ಖಮ್ರ್ ತಲೆಯೊಳಗಿನ ಬುದ್ಧಿಯನ್ನು ಮುಚ್ಚುತ್ತದೆ. ಬುದ್ಧಿಗೆ ತೆರೆ ಎಳೆಯುವುದೆಲ್ಲವೂ ಖಮ್ರ್ ಎಂಬ ಅರ್ಥದಲ್ಲಿ ಖಲೀಫ ಉಮರ್(ರ) ವಿವರಿಸಿರುವುದು ವಿದ್ವಾಂಸರಿಗೆ ತಿಳಿದಿರುವ ವಿಷಯ. ಮದ್ಯ ನಿಷೇಧ ಒಂದೇ ದಿನದಲ್ಲಿ ಬಂದದ್ದಲ್ಲ. ಮೊದಲು ಅದರ ಹಾನಿ ಲಾಭಕ್ಕಿಂತ ಹೆಚ್ಚು ಎಂದು ತಿಳಿಸಲಾಯಿತು. ನಂತರ ಅಮಲಿನಲ್ಲಿರುವಾಗ, ತಾನೇನು ಹೇಳುತ್ತಿದ್ದೇನೆಂದು ತನಗೇ ಅರಿವಾಗುವವರೆಗೆ, ನಮಾಝ್‌ನ ಬಳಿ ಸುಳಿಯಬಾರದೆಂದು ಆದೇಶಿಸಲಾಯಿತು. ಕೊನೆಗೆ ಸಂಪೂರ್ಣ ನಿಷೇಧ ಬಂದಾಗ ಮದೀನದ ಬೀದಿಗಳಲ್ಲಿ ಮದ್ಯ ಹರಿಯಿತು. ಜನರ ಮನಸ್ಸನ್ನು ಸಿದ್ಧಗೊಳಿಸಿ, ಕಾರಣವನ್ನು ತಿಳಿಸಿ, ಅನಂತರ ಕಾನೂನು ಬಂತು. ಆದರೆ ನಾವು ಇಂದು ನಮ್ಮ ಮಕ್ಕಳಿಗೆ ಕಾನೂನನ್ನು ಮಾತ್ರ ಹೇಳುತ್ತೇವೆ, ಕಾರಣವನ್ನು ನುಂಗುತ್ತೇವೆ. ಕಾರಣ ತಿಳಿಯದ ಮಗು ಮನೆಯಲ್ಲಿರುವಷ್ಟು ದಿನ ವಿಧೇಯವಾಗಿರುತ್ತದೆ. ಕಾರಣ ತಿಳಿದ ಮಗು ಯಾರೂ ನೋಡದ ಕಡೆಯಲ್ಲೂ ಎಚ್ಚರವಾಗಿರುತ್ತದೆ.

ಇನ್ನು ಲೈಂಗಿಕ ಆರೋಗ್ಯದ ಅಪಾಯ ಎಂದರೇನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳೋಣ. ಎಚ್‌ಐವಿ ಇದೆ. ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾ ಎಂಬ ಸೋಂಕುಗಳಿವೆ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ಎಂಬ ವೈರಾಣು ಇದೆ. ಬಯಸದ ಗರ್ಭವಿದೆ. ಇವುಗಳಲ್ಲಿ ಅನೇಕ ಸೋಂಕುಗಳು ಹೆಣ್ಣಿನಲ್ಲಿ ಯಾವ ಲಕ್ಷಣವನ್ನೂ ತೋರದೆ ತಿಂಗಳುಗಟ್ಟಲೆ ಅಡಗಿರುತ್ತವೆ. ನೋವಿಲ್ಲ, ಜ್ವರವಿಲ್ಲ ಎಂದು ಸುಮ್ಮನಿದ್ದವಳಿಗೆ ವರ್ಷಗಳ ನಂತರ ಮಕ್ಕಳಾಗುವುದಿಲ್ಲ ಎಂದು ತಿಳಿಯಬಹುದು. ಆಗ ಅತ್ತೆಮನೆಯವರು ಅವಳನ್ನು ಬಂಜೆ ಎನ್ನುತ್ತಾರೆ, ಅದಕ್ಕೆ ಕಾರಣವಾದ ಸೋಂಕಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಅದೇ ಐದನೆಯ ಸಮೀಕ್ಷೆಯ ಪ್ರಕಾರ, ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇರುವವರು 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 21.6 ಮಾತ್ರ, ಪುರುಷರಲ್ಲಿ ಶೇ. 30.7. ತಿಳಿದವರ ವಿವೇಚನೆಯನ್ನೇ ಮದ್ಯ ಮಸುಕುಗೊಳಿಸುವಾಗ, ಏನೂ ತಿಳಿಯದವರ ಗತಿ ಏನು?

ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಅವಳಿಗೆ ಹೆಸರು ಬೇಡ. ನಮ್ಮದೇ ಊರಿನವಳು, ಇಪ್ಪತ್ತೆರಡರ ವಯಸ್ಸು, ಬೆಂಗಳೂರಿನಲ್ಲಿ ಕೆಲಸ. ಸಹೋದ್ಯೋಗಿಯ ಮನೆಯ ಔತಣದಲ್ಲಿ ಎಲ್ಲರೂ ಒತ್ತಾಯಿಸಿದರು, ‘ಇದರಲ್ಲಿ ಏನೂ ಇಲ್ಲ’ ಎಂದರು. ಅವಳು ಕುಡಿದಳು. ಆ ರಾತ್ರಿ ನಡೆಯಬಾರದ್ದು ನಡೆಯಿತು. ಅದರಲ್ಲಿ ಅವಳ ಒಪ್ಪಿಗೆ ಎಷ್ಟು, ಇನ್ನೊಬ್ಬನ ಮೋಸ ಎಷ್ಟು ಎಂದು ಅವಳಿಗೂ ಸರಿಯಾಗಿ ನೆನಪಿಲ್ಲ. ಬೆಳಗಾಯಿತು. ಅಮಲು ಇಳಿಯಿತು. ಈಗ ಅವಳ ಬುದ್ಧಿಯ ಮೇಲಿನ ತೆರೆ ಸರಿದಿರಬೇಕು, ಅಲ್ಲವೇ?

ಇಲ್ಲ, ಮಾನ್ಯರೇ. ಬೆಳಗ್ಗೆ ಎರಡನೆಯ ತೆರೆ ಬೀಳುತ್ತದೆ. ಆ ತೆರೆ ನಾವು ನೇಯ್ದದ್ದು. ಅದರ ಹೆಸರು ಮರ್ಯಾದೆಯ ಭಯ. ಅಮಲಿನಲ್ಲಿ ಹತ್ತಿರದ ಸುಖ ದೊಡ್ಡದಾಗಿ, ದೂರದ ರೋಗ ಚಿಕ್ಕದಾಗಿ ಕಂಡಿತ್ತು. ಈಗ ಹತ್ತಿರದ ಜನರ ನಾಲಿಗೆ ದೊಡ್ಡದಾಗಿ, ದೂರದ ಬದುಕು ಚಿಕ್ಕದಾಗಿ ಕಾಣುತ್ತದೆ. ‘ಅಬ್ಬಾಗೆ ತಿಳಿದರೆ? ಮೊಹಲ್ಲಾದಲ್ಲಿ ತಿಳಿದರೆ? ತಂಗಿಯ ನಿಕಾಹ್ ಆಗುವುದೇ?’ ಈ ಪ್ರಶ್ನೆಗಳ ನಡುವೆ, ‘ನಾನು ವೈದ್ಯರ ಬಳಿ ಹೋಗಬೇಕು’ ಎಂಬ ಒಂದೇ ಒಂದು ಸರಿಯಾದ ಆಲೋಚನೆ ಮುಳುಗಿಹೋಗುತ್ತದೆ. ಮದ್ಯದ ಅಮಲು ಒಂದು ರಾತ್ರಿಯಲ್ಲಿ ಇಳಿಯುತ್ತದೆ. ಈ ಅಮಲು ತಿಂಗಳುಗಳವರೆಗೆ ಇಳಿಯುವುದಿಲ್ಲ.

ಆದರೆ ದೇಹ ನಮ್ಮ ಮರ್ಯಾದೆಗಾಗಿ ಕಾಯುವುದಿಲ್ಲ. ಎಚ್‌ಐವಿ ಸೋಂಕಿನ ಸಾಧ್ಯತೆ ಇದ್ದಾಗ ಅದನ್ನು ತಡೆಯುವ ಔಷಧವನ್ನು 72 ಗಂಟೆಗಳ ಒಳಗೆ ಆರಂಭಿಸಬೇಕು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಒಮ್ಮೆ ಆರಂಭಿಸಿದರೆ 28 ದಿನ ತಪ್ಪದೆ ಸೇವಿಸಬೇಕು. ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆಗೂ ಮೊದಲ 72 ಗಂಟೆಗಳೇ ಮುಖ್ಯ. ಗೊನೋರಿಯಾ, ಕ್ಲಮೈಡಿಯಾ, ಸಿಫಿಲಿಸ್‌ಗಳಿಗೆ ಔಷಧವಿದೆ, ಬೇಗ ಪತ್ತೆಯಾದರೆ ಗುಣವಾಗುತ್ತವೆ. ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆ ಉಚಿತ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕು, ಫಲಿತಾಂಶವನ್ನು ಗುಟ್ಟಾಗಿಡಬೇಕು. ಲೈಂಗಿಕ ಸೋಂಕುಗಳ ಚಿಕಿತ್ಸೆಗೆಂದೇ ಸರಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್, ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್ ಎಂಬ ವ್ಯವಸ್ಥೆಗಳಿವೆ. 1097 ಎಂಬ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಎಚ್‌ಐವಿ ಬಗ್ಗೆ ಕೇಳಬಹುದು. ಸಂಕಟದಲ್ಲಿರುವ ಮಹಿಳೆಗೆ 181 ಎಂಬ ಸಹಾಯವಾಣಿ ಇದೆ. ಈ ಸಂಖ್ಯೆಗಳನ್ನು ನೀವು ಬರೆದಿಟ್ಟುಕೊಳ್ಳಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಸ್ಥಿತಿ ನಮಗೆ ಬೇಡ.

ಕಾನೂನಿನ ಮಾತನ್ನೂ ತಿಳಿದಿರಬೇಕು. ಅಮಲಿನಿಂದಾಗಿ ತಾನು ಒಪ್ಪುತ್ತಿರುವುದು ಏನು, ಅದರ ಪರಿಣಾಮವೇನು ಎಂದು ಅರಿಯಲಾಗದ ಸ್ಥಿತಿಯಲ್ಲಿ ಹೆಣ್ಣು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಹಳೆಯ ದಂಡ ಸಂಹಿತೆಯ 375ನೆಯ ಕಲಮಿನಲ್ಲಿ ಇದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲೂ ಇದೆ. ಹದಿನೆಂಟು ತುಂಬದ ಹುಡುಗಿಯಾದರೆ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವಳಿಗೆ ಸರಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಪೊಲೀಸ್ ದೂರಿನ ಪ್ರತಿ ತಂದಿಲ್ಲವೆಂದು ಅವಳನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ‘ಅವಳು ಕುಡಿದಿದ್ದಳಲ್ಲ’ ಎಂಬ ಮಾತು ನ್ಯಾಯಾಲಯದಲ್ಲಿ ಅಪರಾಧಿಗೆ ರಕ್ಷಣೆಯಾಗಬಾರದು ಎಂದು ಕಾನೂನು ಹೇಳುತ್ತಿರುವಾಗ, ನಮ್ಮ ಮೊಹಲ್ಲಾದಲ್ಲಿ ಅದೇ ಮಾತು ತೀರ್ಪಾಗುವುದು ಎಷ್ಟು ಸರಿ? ಕುಡಿದದ್ದು ಅವಳ ತಪ್ಪಾಗಿರಬಹುದು. ಆ ತಪ್ಪಿಗಾಗಿ ಅವಳು ಅಲ್ಲಾಹನ ಮುಂದೆ ಪಶ್ಚಾತ್ತಾಪ ಪಡಬಹುದು. ಆ ಬಾಗಿಲು ಯಾವತ್ತೂ ತೆರೆದಿದೆ. ಅವಳ ಸ್ಥಿತಿಯನ್ನು ದುರುಪಯೋಗಪಡಿಸಿಕೊಂಡವನ ಅಪರಾಧ ಬೇರೆಯೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಅವಳ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೆಣ್ಣು ಮತ್ತು ಮದ್ಯ ಎಂಬ ವಿಷಯ ಬಂದಾಗ ನಮ್ಮ ರಾಜ್ಯ ಮರೆಯಲಾಗದ ಒಂದು ದಿನವಿದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಗುಂಪೊಂದು ನುಗ್ಗಿ ಯುವತಿಯರನ್ನು ಹೊಡೆದು ಹೊರಗಟ್ಟಿತು. ಸಂಸ್ಕೃತಿಯ ರಕ್ಷಣೆ ಅದಕ್ಕೆ ಕೊಟ್ಟ ಹೆಸರು. ದೇಶವೆಲ್ಲ ಆ ದೃಶ್ಯವನ್ನು ಟಿವಿಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳು ಸಾಕ್ಷ್ಯಗಳ ಕೊರತೆಯಿಂದ ಖುಲಾಸೆಗೊಂಡರು. ಮದ್ಯವನ್ನು ನಾವು ವಿರೋಧಿಸುತ್ತೇವೆ, ಆ ಹೊಡೆತವನ್ನು ಅಷ್ಟೇ ಗಟ್ಟಿಯಾಗಿ ವಿರೋಧಿಸುತ್ತೇವೆ. ಹೆಣ್ಣಿನ ಕೂದಲು ಹಿಡಿದು ಎಳೆಯುವವನಿಗೆ ಅವಳ ಆರೋಗ್ಯದ ಚಿಂತೆ ಇರುವುದಿಲ್ಲ. ಅವನಿಗಿರುವುದು ತನ್ನ ಅಧಿಕಾರದ ಅಮಲು. ನಮ್ಮ ಯುವಕರಲ್ಲೂ ಕೆಲವರು ಕೆಲವೆಡೆ ಇದೇ ಹಾದಿ ತುಳಿದಿದ್ದಾರೆ. ಬುರ್ಖಾ ತೊಟ್ಟ ಹುಡುಗಿಯನ್ನು ನಿಲ್ಲಿಸಿ, ಯಾರ ಜೊತೆ ಹೋಗುತ್ತಿರುವೆ ಎಂದು ಕೇಳಿ, ಮೊಬೈಲ್‌ನಲ್ಲಿ ಚಿತ್ರೀಕರಿಸಿ ಹಂಚುವುದನ್ನು ಸುಧಾರಣೆ ಎಂದು ತಿಳಿದಿದ್ದಾರೆ. ಇದು ಹುಡುಗಿಯರಿಗೆ ಕಲಿಸುವ ಪಾಠ ಒಂದೇ: ‘ತೊಂದರೆ ಬಂದರೆ ಸಮುದಾಯದ ಕಡೆಗೆ ಓಡಬೇಡ, ಸಮುದಾಯದಿಂದ ಅಡಗಿಕೋ’. ಅಡಗಿಕೊಂಡವಳು 72 ಗಂಟೆಗಳ ಒಳಗೆ ಆಸ್ಪತ್ರೆ ತಲುಪುವುದಿಲ್ಲ.

ಗಂಡು ಮಕ್ಕಳ ಹೆತ್ತವರೇ, ಈಗ ನಿಮ್ಮ ಸರದಿ. ಮಗಳಿಗೆ ನೂರು ಮಾತು ಹೇಳುವ ಮನೆಯಲ್ಲಿ ಮಗನಿಗೆ ಒಂದು ಮಾತೂ ಇಲ್ಲ. ಗೆಳೆಯರೊಡನೆ ‘ಬೀರ್ ಮಾತ್ರ’ ಕುಡಿದು ಬರುವ ಮಗನನ್ನು ತಾಯಿ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತಾಳೆ, ತಂದೆಗೆ ತಿಳಿಯದಂತೆ ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಾಳೆ. ನಾಳೆ ಅವನಿಗೆ ಒಳ್ಳೆಯ ಮನೆತನದ ಹೆಣ್ಣು ಹುಡುಕುತ್ತಾರೆ. ಅದೇ ರಾಷ್ಟ್ರೀಯ ಸಮೀಕ್ಷೆ ಹೇಳುವುದನ್ನು ಕೇಳಿ. ಪದೇ ಪದೇ ಕುಡಿದು ಅಮಲೇರಿಸಿಕೊಳ್ಳುವ ಗಂಡಂದಿರ ಹೆಂಡತಿಯರಲ್ಲಿ ಶೇ. 70ರಷ್ಟು ಮಂದಿ ಗಂಡನ ಹಿಂಸೆಯನ್ನು ಅನುಭವಿಸಿದ್ದಾರೆ. ಕುಡಿಯದ ಗಂಡಂದಿರ ಹೆಂಡತಿಯರಲ್ಲಿ ಇದು ಶೇ. 23. ಕುಡಿದ ಗಂಡನ ಮುಂದೆ ಹೆಂಡತಿ ತನ್ನ ಆರೋಗ್ಯದ ಮಾತೆತ್ತುವುದು, ‘ಇಂದು ಬೇಡ’ ಎನ್ನುವುದು, ‘ಪರೀಕ್ಷೆ ಮಾಡಿಸಿಕೊಂಡು ಬಾ’ ಎನ್ನುವುದು ಸಾಧ್ಯವೇ? ಅವಳು ಒಂದು ಹನಿಯನ್ನೂ ಕುಡಿದಿರುವುದಿಲ್ಲ. ಆದರೆ ಅವನ ಬುದ್ಧಿಗೆ ಬಿದ್ದ ತೆರೆಯ ಪರಿಣಾಮವನ್ನು ಅವಳ ದೇಹ ಅನುಭವಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎಂಟು ದೇಶಗಳಲ್ಲಿ ಮದ್ಯಪಾನ ಮತ್ತು ಲೈಂಗಿಕ ಅಪಾಯಗಳ ಸಂಬಂಧದ ಬಗ್ಗೆ ಅಧ್ಯಯನ ಪ್ರಕಟಿಸಿದಾಗ ಅವುಗಳಲ್ಲಿ ಭಾರತವೂ ಒಂದಾಗಿತ್ತು. ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು 2003ರಲ್ಲೇ ವಿಪರೀತ ಕುಡಿಯುವವರ ಅಪಾಯಕಾರಿ ಲೈಂಗಿಕ ವರ್ತನೆಯ ಬಗ್ಗೆ ಬರೆದಿದ್ದರು. ಆದ್ದರಿಂದ ಸಂಬಂಧ ಕೂಡಿಸುವಾಗ ಹುಡುಗನ ಸಂಬಳವನ್ನು, ಮನೆಯನ್ನು, ಜಮೀನನ್ನು ವಿಚಾರಿಸುವ ನಾವು, ‘ಅವನು ಕುಡಿಯುತ್ತಾನೆಯೇ?’ ಎಂಬ ಪ್ರಶ್ನೆಯನ್ನು ನಾಚಿಕೆಯಿಲ್ಲದೆ ಕೇಳಬೇಕು.

ಸರಕಾರದ ಪಾತ್ರವನ್ನು ಬಿಟ್ಟು ಈ ಮಾತು ಪೂರ್ಣವಾಗದು. ಮದ್ಯಪಾನವನ್ನು ತಡೆಯಲು ಸರಕಾರ ಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಅದು ಸ್ವಾಗತಾರ್ಹ ಹೆಜ್ಜೆಯೇ. ಆದರೆ ಸಾರಾಯಿಯ ಜಾಗಕ್ಕೆ ಬಾಟಲಿಯ ಮದ್ಯ ಬಂದು ಕುಳಿತುಕೊಂಡಿತು. 2025–26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಒಂದು ಕೈಯಿಂದ ಮಹಿಳೆಯರಿಗೆ ನೆರವು ಹಂಚಿ, ಇನ್ನೊಂದು ಕೈಯಿಂದ ಅವರ ಗಂಡಂದಿರ ಜೇಬಿನಿಂದ ಅದನ್ನು ಹಿಂದೆ ಪಡೆಯುವ ಲೆಕ್ಕಾಚಾರ ಇದು. ಎಲ್ಲ ಪಕ್ಷಗಳ ಸರಕಾರಗಳೂ ಇದರಲ್ಲಿ ಸಮಾನ ಪಾಲುದಾರರು. 2019ರ ಜನವರಿಯಲ್ಲಿ ಸಾವಿರಾರು ಬಡ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅವರಲ್ಲಿ ಬಹುಪಾಲು ಮಂದಿ ಮುಸ್ಲಿಮರಲ್ಲ. ಮದ್ಯದ ವಿರುದ್ಧದ ಹೋರಾಟ ನಮ್ಮೊಬ್ಬರ ಸ್ವತ್ತಲ್ಲ ಎಂದು ಆ ತಾಯಂದಿರು ನಮಗೆ ಕಲಿಸಿದ್ದಾರೆ. ಅವರ ಜೊತೆ ಹೆಜ್ಜೆ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ?

ಹಾಗಾದರೆ ಇಂದು ಮನೆಗೆ ಮರಳಿದ ಮೇಲೆ ಏನು ಮಾಡಬೇಕು? ತಾಯಂದಿರೇ, ನಿಮ್ಮ ಮಗಳಿಗೆ ಕಾರಣ ಸಹಿತ ಹೇಳಿ. ಮದ್ಯವು ಬುದ್ಧಿಯ ಮೇಲೆ ಹೇಗೆ ತೆರೆ ಎಳೆಯುತ್ತದೆ, ಸೋಂಕು ಹೇಗೆ ಲಕ್ಷಣ ತೋರದೆ ಅಡಗುತ್ತದೆ ಎಂಬುದನ್ನು ಅವಳಿಗೆ ವಿವರಿಸಿ. ತನ್ನ ಲೋಟವನ್ನು ತಾನೇ ತುಂಬಿಸಿಕೊಳ್ಳಲು, ಒಮ್ಮೆ ಬಿಟ್ಟು ಎದ್ದ ಲೋಟವನ್ನು ಮತ್ತೆ ಮುಟ್ಟದಿರಲು, ಒಬ್ಬಳೇ ಹೋಗುವ ಕಡೆಗೆ ನಂಬಿಕೆಯ ಗೆಳತಿಯೊಬ್ಬಳಿಗೆ ತಿಳಿಸಿ ಹೋಗಲು ಹೇಳಿ. ಇದನ್ನೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಸೇರಿಸಿ: ‘ಏನೇ ಆಗಲಿ, ಯಾವ ಹೊತ್ತಿನಲ್ಲಾಗಲಿ, ಮೊದಲು ನನಗೆ ಫೋನ್ ಮಾಡು. ಬೈಯುವುದಿದ್ದರೆ ಆಮೇಲೆ ಬೈಯುತ್ತೇನೆ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ.’ ತಂದೆಯರೇ, ಈ ಮಾತನ್ನು ನೀವೂ ಹೇಳಿ. ತಾಯಿ ಹೇಳಿದ್ದಕ್ಕಿಂತ ತಂದೆ ಹೇಳಿದಾಗ ಅವಳಿಗೆ ಹೆಚ್ಚು ಧೈರ್ಯ ಬರುತ್ತದೆ. ಮಸೀದಿಯ ಜಮಾಅತ್‌ನವರೇ, ಜುಮಾ ಖುತ್ಬಾದಲ್ಲಿ ವರ್ಷಕ್ಕೆ ಒಮ್ಮೆಯಾದರೂ ಗಂಡು ಮಕ್ಕಳ ಮದ್ಯಪಾನದ ಬಗ್ಗೆ ಮಾತನಾಡಿ. ಮದ್ರಸದಲ್ಲಿ ದೊಡ್ಡ ಹೆಣ್ಣು ಮಕ್ಕಳಿಗೆ ಮಹಿಳಾ ವೈದ್ಯರನ್ನು ಕರೆಸಿ ಆರೋಗ್ಯದ ಪಾಠ ಹೇಳಿಸಿ.

ಧರ್ಮ ರಕ್ಷಿಸಬೇಕೆಂದು ಹೇಳುವ ಐದು ವಿಷಯಗಳನ್ನು ನಾವು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೇವೆ. ಧರ್ಮ, ಪ್ರಾಣ, ಬುದ್ಧಿ, ಸಂತತಿ, ಸಂಪತ್ತು. ಇಮಾಮ್ ಗಝ್ಝಾಲಿ ಇವುಗಳನ್ನು ಕ್ರಮವಾಗಿ ವಿವರಿಸಿದ್ದಾರೆ. ಆ ಪಟ್ಟಿಯಲ್ಲಿ ಬುದ್ಧಿ ಇದೆ, ಪ್ರಾಣ ಇದೆ. ಮನೆತನದ ಮರ್ಯಾದೆಗಾಗಿ ಮಗಳ ಪ್ರಾಣವನ್ನು ಪಣಕ್ಕಿಡಲು ಆ ಪಟ್ಟಿಯಲ್ಲಿ ಎಲ್ಲಿಯೂ ಜಾಗವಿಲ್ಲ.

ನಮ್ಮನ್ನು ಪ್ರಶ್ನಿಸಿದ ಹಿರಿಯರು ಇನ್ನೂ ಎದುರಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ. ಹಜ್ರತ್, ನಿಮ್ಮ ಮೊಮ್ಮಗಳು ಕುಡಿಯುವುದಿಲ್ಲ ಎಂಬ ನಿಮ್ಮ ನಂಬಿಕೆ ನಿಜವಾಗಲಿ, ನಾವೂ ಅದಕ್ಕಾಗಿಯೇ ಪ್ರಾರ್ಥಿಸುತ್ತೇವೆ. ಆದರೆ ಯಾವುದೋ ಒಂದು ಬೆಳಗ್ಗೆ ಅವಳು ನಡುಗುವ ಕೈಯಿಂದ ಫೋನ್ ಹಿಡಿದು ಯಾರಿಗೆ ಕರೆ ಮಾಡಲಿ ಎಂದು ಯೋಚಿಸುವಾಗ, ಅವಳಿಗೆ ಮೊದಲು ನೆನಪಾಗುವ ಹೆಸರು ನಿಮ್ಮದಾಗಿರಬೇಕು. ನಿಮ್ಮ ಹೆಸರು ನೆನಪಾದಾಗ ಅವಳಿಗೆ ಭಯವಾಗಬಾರದು. ಆ ಒಂದು ಕರೆಗಾಗಿ ನಾವು ಈ ಮಾತುಗಳನ್ನು ಇಲ್ಲಿ ಆಡಬೇಕಾಯಿತು.

ಅಲ್ಲಾಹನು ನಮ್ಮ ಮಕ್ಕಳ ಬುದ್ಧಿಯನ್ನೂ ಆರೋಗ್ಯವನ್ನೂ ಕಾಪಾಡಲಿ. ನಮ್ಮ ಬುದ್ಧಿಯ ಮೇಲಿನ ತೆರೆಯನ್ನು ಸರಿಸಲಿ. ವಸ್ಸಲಾಮ್.